ಮುಂಬಯಿಯ ಬಾಲಕನು ಮರಳಿ ಬಂದಿದ್ದರೆ?

ಲಂಡನ್ನಿನ ಬಿ.ಬಿ.ಸಿ.ಯು 1963ರ ನವೆಂಬರ 23ರಂದು 'ಡಾಕ್ಟರ್ ಹೂ' ಎಂಬ ವೈಜ್ಞಾನಿಕ ಕಲ್ಪನಾಕಥೆಯ ಪ್ರಸಾರವನ್ನು ಆರಂಭಿಸಿತು. ಪೋಲೀಸ್ ದೂರವಾಣಿ ಪೆಟ್ಟಿಗೆಯ ರೂಪದ ಯಂತ್ರವನ್ನೇರಿ ಕಾಲದಿಂದ ಕಾಲಕ್ಕೆ ಸಂಚರಿಸುವ ಮುದುಕನೊಬ್ಬನ ಕಥೆಯದು. 1989ರಲ್ಲಿ ನಿಂತು, 2005ರಲ್ಲಿ ಪುನಃ ಜೀವ ತಳೆಯಿತು. ಅದರ ಮೊದಲ ಕಂತಿನ ನಿರ್ದೇಶಕ ಶ್ರೀ ವಾರಿಸ್ ಹುಸೇನರು ಲಖನೌದಲ್ಲಿ ಜನಿಸಿ, ನಮ್ಮ ಈ ಮುಂಬಯಿಯಲ್ಲಿ ಬಾಲ್ಯ ಕಳೆದವರೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

1946ರಲ್ಲಿ ಅವರ ಕುಟುಂಬವು ಲಂಡನ್ನಿಗೆ ತೆರಳಿತು. ಮರುವರ್ಷವೇ ದೇಶವು ಇಬ್ಭಾಗವಾಯಿತು. ತಾಯಿ, ಲೇಖಕಿ ಆತಿಯಾ ಹುಸೇನರು, ಮಕ್ಕಳೊಡನೆ ಅಲ್ಲಿಯೇ ಉಳಿಯಲು ನಿಶ್ಚಯಿಸಿ, ಬಿ.ಬಿ.ಸಿ.ಯಲ್ಲಿ ಬಾನುಲಿ ಕಾರ್ಯಕ್ರಮಗಳನ್ನು ನಡೆಸಿದರು. ಆಕೆ ಹಿಂದಿರುಗುವ ಹಡಗನ್ನೇರಿದ್ದರೆ? ಮುಂಬಯಿಯ ದೂರದರ್ಶನ ಕೇಂದ್ರವು ತೆರೆದುದೇ 1972ರ ಅಕ್ಟೋಬರ 2ರಂದು. ಅಷ್ಟರಲ್ಲಿ ಮಗನಿಗೆ 33 ತುಂಬಿರುತ್ತಿತ್ತು. ಲಂಡನ್ನಿನಲ್ಲಾದರೋ ಅವರು 24ರಲ್ಲಿಯೇ ನಿರ್ದೇಶಕರ ಕುರ್ಚಿಯಲ್ಲಿದ್ದರು.

ಅದೇನೂ ಮೆತ್ತನೆಯ ಕುರ್ಚಿಯಲ್ಲ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟರಿಗೆ ಆಗ 27 ವರ್ಷ. ಅಲ್ಲಿಯ ನಾಟಕ ವಿಭಾಗಕ್ಕೆ ಅವರೊಬ್ಬರೇ ಮಹಿಳಾ ನಿರ್ಮಾಪಕಿ. ಸೆಪ್ಟೆಂಬರದಲ್ಲಿ ಚಿತ್ರಿಸಿದ ಮೊದಲ ಕಂತನ್ನು ಮುಖ್ಯಸ್ಥ ಸಿಡ್ನಿ ನ್ಯೂಮನ್ನರು ಒಪ್ಪಲಿಲ್ಲ. ಕಾವಲಿಯ ಮೊದಲ ದೋಸೆ ಹರಿಯಿತೆಂದು ಭಟ್ಟನನ್ನೇ ಹೊರಗಟ್ಟಿದ ಯಜಮಾನರನ್ನು ನಾನು ಕಂಡಿದ್ದೇನೆ. ನ್ಯೂಮನ್ನರು ಹಾಗೆ ಮಾಡದೆ, ಅದೇ ಇಬ್ಬರಿಗೆ ಇನ್ನೊಮ್ಮೆ ಹೊಯ್ಯಲು ಹಿಟ್ಟು ಕೊಟ್ಟರು! ಅಕ್ಟೋಬರದಲ್ಲಿ ಮರುಚಿತ್ರಣವಾಯಿತು. ಪ್ರಸಾರದ ಮುನ್ನಾದಿನವೇ ಅಮೆರಿಕದಲ್ಲಿ ಕೆನೆಡಿಯವರ ಹತ್ಯೆಯಾಯಿತು. ಮುಂದಿನ ಶನಿವಾರ, ಎರಡನೆಯ ಕಂತಿಗೆ ಮುಂಚೆ, ಮೊದಲನೆಯದನ್ನೂ ಪುನಃ ತೋರಿಸಿದರು.