ಹೆಸರು ಹಿಡಿದು ಪ್ರಾರ್ಥಿಸುವ ಗೆಳೆಯರು

ಸುಗ್ಗಿ ಮುಗಿದ ಮೇಲೆ ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಂದ ಬೆಂಗಳೂರು, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರಲ್ಲಿ ಕ್ರೈಸ್ತ ಕುಟುಂಬಗಳೂ ಇರುತ್ತವೆ. ಹೊರಡುವಾಗ "ಪ್ರಾರ್ಥನಾದಾಗ ನೆನಸ್ರಿ ಅಕ್ಕಾ" ಎನ್ನುವುದು ಬರೀ ಬಾಯುಪಚಾರವಲ್ಲ. ಮುಂದಿನ ಮನೆ ಪ್ರಾರ್ಥನೆಯಲ್ಲಿ ಆ ಮನೆಯವರ ಹೆಸರು ಬರಲೇಬೇಕು.

ಮನೆ ಪ್ರಾರ್ಥನೆಯೆಂದರೆ ದೊಡ್ಡ ಏರ್ಪಾಡೇನಲ್ಲ. ಪಡಸಾಲೆಯಲ್ಲಿ ಚಾಪೆ, ಒಂದೆರಡು ಕೀರ್ತನೆ, ವಾಕ್ಯ ಓದುವುದು, ಆಮೇಲೆ ಒಬ್ಬೊಬ್ಬರ ವಿಜ್ಞಾಪನೆ. ಮಗುವಿನ ಜ್ವರ, ಮೇಸ್ತ್ರಿ ಕೊಡದೆ ಉಳಿಸಿಕೊಂಡ ಕೂಲಿ, ಎರಡನೇ ಸಲ ಫೇಲಾದ ಪಿಯುಸಿ, ಕಾಲುವೆಯ ಕೊನೆಗೆ ಬಾರದ ನೀರು. ಯಾರಾದರೂ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಇವನ್ನೆಲ್ಲ ಗೀಚಿಕೊಳ್ಳುತ್ತಾರೆ. ಈಗ ಊರು ಬಿಟ್ಟವರ ವಿಜ್ಞಾಪನೆ ಮೊಬೈಲಿನಲ್ಲೇ ಬಂದುಬಿಡುತ್ತದೆ.

ರಾಯಚೂರಿನಲ್ಲಿ ಮೆಥೋಡಿಸ್ಟ್ ಸಭೆ ಹಳೆಯದು. ಆ ಪಂಥದಲ್ಲಿ ಇಂಥ ಸಣ್ಣ ಕೂಟಗಳು ಶುರುವಾದ ಬಗೆ ಸ್ವಾರಸ್ಯಕರವಾಗಿದೆ: ಅವು ಹುಟ್ಟಿದ್ದು ಸಾಲ ತೀರಿಸುವುದಕ್ಕೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ, ಆ ಪಂಥ ಕಟ್ಟಿದ ಜಾನ್ ವೆಸ್ಲಿಯ ಅನುಯಾಯಿಗಳ ಮೇಲೆ ಪ್ರಾರ್ಥನಾಮಂದಿರ ಕಟ್ಟಿಸಿದ ಸಾಲವಿತ್ತು. ಹನ್ನೆರಡು ಜನರಿಗೊಬ್ಬ ಮುಖಂಡ, ತಲೆಗೆ ವಾರಕ್ಕೊಂದು ಪೆನ್ನಿ ಎಂದು ಗೊತ್ತುಮಾಡಿದರು. ವಂತಿಗೆಗೆಂದು ಮನೆಮನೆ ತಿರುಗಿದ ಮುಖಂಡರ ಕಣ್ಣಿಗೆ ಕಾಯಿಲೆ, ಕುಡಿತ, ಗಂಡಹೆಂಡಿರ ಜಗಳ ಎಲ್ಲ ಬಿದ್ದವು. ವೆಸ್ಲಿ ಇದನ್ನು ಬಿಡಲಿಲ್ಲ. ಆ ಗುಂಪುಗಳನ್ನೇ ಒಬ್ಬರನ್ನೊಬ್ಬರು ವಿಚಾರಿಸಿಕೊಂಡು ಪ್ರಾರ್ಥಿಸುವ ಕೂಟಗಳನ್ನಾಗಿ ಮಾಡಿದ.

ಅದೇ ಪದ್ಧತಿಯನ್ನು ಅಮೆರಿಕದ ಮೆಥೋಡಿಸ್ಟ್ ಬೋಧಕ ವಿಲಿಯಂ ಟೇಲರ್ 1870ರ ದಶಕದಲ್ಲಿ ಮುಂಬಯಿಗೆ ತಂದ. ಅವನ ಗುಂಪುಗಳೂ ಮನೆಗಳಲ್ಲೇ ಸೇರುತ್ತಿದ್ದವು. ಮುಂಬಯಿಯಿಂದ ರಾಯಚೂರಿಗೆ ಆಗ ರೈಲಿನ ದಾರಿಯೂ ಇತ್ತು: ಮುಂಬಯಿ ಮತ್ತು ಮದ್ರಾಸಿನ ರೈಲುಹಳಿಗಳು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ.

1910ರಲ್ಲಿ ಎಡಿನ್‌ಬರೋ ಮಿಶನರಿ ಸಮ್ಮೇಳನದಲ್ಲಿ ಮಾತಾಡಿದ ಭಾರತದ ಪಾದ್ರಿ ವಿ.ಎಸ್. ಅಜರಯ್ಯ ಪಶ್ಚಿಮದ ಮಿಶನರಿಗಳನ್ನು ಕೇಳಿದ್ದೂ ಗೆಳೆತನವನ್ನೇ. ದಾನ, ತ್ಯಾಗ ಎಲ್ಲ ಆಗಿದೆ, ಸಮಾನರೆಂದು ಕಾಣುವುದೊಂದು ಬಾಕಿಯಿದೆ ಎಂಬ ದೂರು ಅವರದು. ಅವರು ಕೆಲಸ ಮಾಡುತ್ತಿದ್ದ ದೋರ್ನಕಲ್ಲು, ರಾಯಚೂರಿನಂತೆಯೇ, ಆಗ ನಿಜಾಮನ ಸೀಮೆಯಲ್ಲಿತ್ತು.

ಗೆಳೆಯರ ಪ್ರಾರ್ಥನೆಯಿಂದ ರೋಗ ಗುಣವಾಗುತ್ತದೆಯೇ? ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳ ಮೇಲೆ ವೈದ್ಯ ಹರ್ಬರ್ಟ್ ಬೆನ್ಸನ್ ತಂಡ ನಡೆಸಿದ ಅಧ್ಯಯನ 2006ರಲ್ಲಿ ಹೊರಬಂತು. ಪ್ರಾರ್ಥನೆಯಿಂದ ತೊಡಕುಗಳೇನೂ ಕಡಿಮೆಯಾಗಿರಲಿಲ್ಲ. ತಮಗಾಗಿ ಪ್ರಾರ್ಥನೆ ನಡೆದಿದೆ ಎಂದು ಖಚಿತವಾಗಿ ತಿಳಿದವರಲ್ಲಿ ತುಸು ಹೆಚ್ಚೇ ಇದ್ದವು: ಶೇ. 59 ಮಂದಿಗೆ. ಆದರೆ ಅಲ್ಲಿ ಪ್ರಾರ್ಥಿಸಿದವರು ಅಪರಿಚಿತರು. ಅವರ ಕೈಗೆ ಸಿಕ್ಕಿದ್ದು ರೋಗಿಯ ಮೊದಲ ಹೆಸರು ಮತ್ತು ಮನೆತನದ ಹೆಸರಿನ ಮೊದಲಕ್ಷರ, ಅಷ್ಟೇ. ರಾಯಚೂರಿನ ರಿಮ್ಸ್ ಆಸ್ಪತ್ರೆಯ ವಾರ್ಡಿಗೆ ಬರುವ ಪ್ರಾರ್ಥನೆಯ ಗೆಳತಿಯ ಕೈಯಲ್ಲಿ ರೊಟ್ಟಿಬುತ್ತಿ ಇರುತ್ತದೆ. ಡಾಕ್ಟರು ಬರೆದ ಗುಳಿಗೆ ನುಂಗಿದೆಯಾ ಎಂದೂ ಆಕೆ ಕೇಳುತ್ತಾಳೆ. ಇದನ್ನು ಆ ಅಧ್ಯಯನ ಅಳೆಯಲಿಲ್ಲ, ಅಳೆಯುವ ಉದ್ದೇಶವೂ ಅದಕ್ಕಿರಲಿಲ್ಲ. ಕ್ರೈಸ್ತ ಬದುಕಿನಲ್ಲಿ ಪ್ರಾರ್ಥನೆಯ ಗೆಳೆತನಕ್ಕಿರುವ ಬೆಲೆಯನ್ನು ಹುಡುಕಬೇಕಾದದ್ದು ಇಂಥಲ್ಲಿ.

ಇದರಲ್ಲಿ ಅಪಾಯವಿಲ್ಲದೆ ಇಲ್ಲ. ವಿಜ್ಞಾಪನೆಯ ಹೆಸರಿನಲ್ಲಿ ಚಾಡಿ ಸರಾಗವಾಗಿ ಹರಿಯುತ್ತದೆ. "ಅವರ ಮಗಳಿಗಾಗಿ ಪ್ರಾರ್ಥಿಸೋಣ" ಎಂಬ ಒಂದು ಮಾತು ಸಾಕು, ಓಣಿಗೆಲ್ಲ ಸುದ್ದಿ. ವೆಸ್ಲಿಯ ಕಾಲದವರಿಗೂ ಇದು ಗೊತ್ತಿದ್ದಿರಬೇಕು. ಹನ್ನೆರಡರ ಗುಂಪಿಗಿಂತ ಚಿಕ್ಕ ಗುಂಪುಗಳು ಅವರಲ್ಲಿದ್ದವು. ಗಂಡಸರದು ಬೇರೆ, ಹೆಂಗಸರದು ಬೇರೆ, ಮದುವೆಯಾದವರದು, ಆಗದವರದು ಬೇರೆ ಬೇರೆ. ಮನಸ್ಸಿನೊಳಗಿನ ತಪ್ಪುಗಳನ್ನು ಬಾಯಿಬಿಡುತ್ತಿದ್ದುದು ಅಲ್ಲಿ. ಇಲ್ಲಿನ ಮನೆ ಪ್ರಾರ್ಥನೆಗೆ ಅಂಥ ಕಟ್ಟಳೆಯಿಲ್ಲ. ಎಲ್ಲರೆದುರು ಹೇಳಲಾಗದವರು "ಒಂದು ಗುಟ್ಟಿನ ವಿಜ್ಞಾಪನೆ ಐತ್ರಿ" ಎಂದಷ್ಟೇ ಹೇಳುತ್ತಾರೆ. ಕೂಟ ಮುಗಿದು ಚಹಾದ ಲೋಟಗಳನ್ನು ತೊಳೆಯುವ ಹೊತ್ತಿಗೆ, ನಂಬಿಕೆಯಿದ್ದ ಒಬ್ಬಳನ್ನು ಹಿತ್ತಲಿಗೆ ಕರೆದು ಉಳಿದದ್ದನ್ನು ಹೇಳಿಕೊಳ್ಳುತ್ತಾರೆ.