ಹೋದದ್ದು ನೀರೋ, ಎಣ್ಣೆಯೋ?

ಮಳೆಗಾಲ ಕಳೆದು ಗಾಳದ ಪೆಟ್ಟಿಗೆ ತೆರೆದರೆ, ಹಿಂದಿನ ಬೇಸಿಗೆಯಲ್ಲಿ ನೀರಿನಲ್ಲಿ ಜೀವಂತ ಮೀನಿನಂತೆ ಬಳುಕುತ್ತಿದ್ದ ಮೆತ್ತನೆಯ ಪ್ಲಾಸ್ಟಿಕ್ ಹುಳು ಒಣಮೆಣಸಿನಕಾಯಿಯ ಹಾಗೆ ಸುರುಟಿಕೊಂಡಿರುತ್ತದೆ. ನನ್ನ ಪೆಟ್ಟಿಗೆಯಲ್ಲೂ ಒಮ್ಮೆ ಹೀಗಾಗಿತ್ತು. ಕೊಬ್ಬರಿ ಎಣ್ಣೆ ಸವರಿ ಎರಡು ದಿನ ಇಟ್ಟೆ. ಹುಳುವಿಗೆ ಹೊಳಪು ಬಂತು, ಮೆದು ಬರಲಿಲ್ಲ. ಒಣಗಿತು ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಸಂಗತಿಗಳಿವೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಕೆಲವು ಹುಳುಗಳಿಂದ ಹೋಗುವುದು ನೀರು, ಕೆಲವುಗಳಿಂದ ಎಣ್ಣೆ.

ಎಣ್ಣೆಯ ಕತೆ ಶುರುವಾಗುವುದು ಅಮೆರಿಕದ ಓಹಾಯೋ ರಾಜ್ಯದ ಆಕ್ರನ್‌ನಲ್ಲಿ. ಅದು ಟೈರು, ರಬ್ಬರಿನ ಊರು. ಅಲ್ಲಿನ ಬಿ.ಎಫ್. ಗುಡ್‌ರಿಚ್ ಕಂಪನಿಯಲ್ಲಿದ್ದ ವಾಲ್ಡೊ ಸೆಮನ್ 1926ರಲ್ಲಿ ಪಿವಿಸಿಯನ್ನು ಸುಲಭಕ್ಕೆ ಆವಿಯಾಗದ ದ್ರವದಲ್ಲಿ ಕಾಯಿಸಿ, ಅದನ್ನು ರಬ್ಬರಿನಂತೆ ಬಾಗುವ ಹಾಗೆ ಮಾಡಿದ. ಅದೇ ಊರಿನಲ್ಲಿ ಯಂತ್ರದ ಕೆಲಸ ಮಾಡುತ್ತಿದ್ದ ನಿಕ್ ಕ್ರೀಮ್ 1949ರಲ್ಲಿ ಹೆಂಡತಿಯ ಜೊತೆ ಸೇರಿ ಇಂಥ ಪ್ಲಾಸ್ಟಿಕ್ಕನ್ನು ಅಡುಗೆಮನೆಯಲ್ಲಿ ಕಾಯಿಸಿ, ಎರೆಹುಳುವಿನ ಅಚ್ಚಿಗೆ ಹೊಯ್ದ. ಇಂದಿಗೂ ಬಹುತೇಕ ಮೆತ್ತನೆಯ ಹುಳುಗಳ ಮೂಲ ಇದೇ. ಪಿವಿಸಿ ಪುಡಿಯನ್ನು ಎಣ್ಣೆಯಂಥ ಮೆದುಕಾರಕದಲ್ಲಿ ಕಲಸಿ ಸುಮಾರು 175 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸುತ್ತಾರೆ. ತಣಿದಾಗ ಪಿವಿಸಿಯ ಉದ್ದನೆಯ ಅಣುಸರಪಳಿಗಳ ನಡುವೆ ಮೆದುಕಾರಕ ಕೂತಿರುತ್ತದೆ. ಅವು ಒಂದರ ಮೇಲೊಂದು ಜಾರುವುದು ಅದರಿಂದಲೇ. ಆದರೆ ಅದಕ್ಕೆ ಅಲ್ಲಿ ಗಟ್ಟಿ ಬೆಸುಗೆಯಿಲ್ಲ. ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಂಥ ಕಡೆ ಇಟ್ಟರೆ ನಿಧಾನವಾಗಿ ಹೊರಗೆ ಒಸರುತ್ತದೆ. ಪಕ್ಕದಲ್ಲಿ ಹೀರುವಂಥದ್ದು ಸಿಕ್ಕರೆ ಅದರೊಳಗೆ ಹೊಕ್ಕುಬಿಡುತ್ತದೆ.

ಇಂಥ ಹುಳುವಿಗೆ ಬೇಕಾದದ್ದು ಹುಳು ಎರಕ ಹೊಯ್ಯುವವರು ಬಳಸುವ ಮೆದುಕಾರಕವೇ. ಕೊಬ್ಬರಿ ಎಣ್ಣೆ ಪಿವಿಸಿಯೊಳಗೆ ಸರಿಯಾಗಿ ಬೆರೆಯದೆ ಮೇಲೆಯೇ ನಿಂತು, ಕೊನೆಗೆ ಕಮಟು ವಾಸನೆ ಬರುತ್ತದೆ. ಮೆದುಕಾರಕವನ್ನು ಕೆಲವು ಹನಿ ಚೀಲಕ್ಕೆ ಹಾಕಿ, ಹುಳುಗಳನ್ನು ಹೊರಳಾಡಿಸಿ, ಕೆಲವು ದಿನ ಬೆಚ್ಚಗೆ ಇಟ್ಟರೆ ಸ್ವಲ್ಪ ಬಿಗಿದ ಹುಳು ಚೇತರಿಸಿಕೊಳ್ಳುತ್ತದೆ. ಬಗ್ಗಿಸಿದರೆ ಬಿರಿಯುವ ಹಂತಕ್ಕೆ ಬಂದದ್ದನ್ನು ಬಿಟ್ಟುಬಿಡುವುದೇ ಒಳ್ಳೆಯದು. ಅದನ್ನು ಕರಗಿಸಿ ಮತ್ತೆ ಎರಕ ಹೊಯ್ಯುವವರಿದ್ದಾರೆ. ಆ ಕೆಲಸ ಅಡುಗೆಮನೆಯಲ್ಲಿ, ಅಡುಗೆಯ ಪಾತ್ರೆಯಲ್ಲಿ ಖಂಡಿತ ಬೇಡ. ಕಾವು ಮಿತಿಮೀರಿದರೆ ಪಿವಿಸಿ ಹಳದಿಗಟ್ಟಿ, ಶ್ವಾಸಕೋಶವನ್ನು ಸುಡುವ ಹೈಡ್ರೊಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಒಂದು ತೊಟ್ಟು ನೀರು ಸೇರಿದರೂ ಬಿಸಿ ಪ್ಲಾಸ್ಟಿಕ್ ಮೈಮೇಲೆ ಸಿಡಿಯುತ್ತದೆ.

ಎಷ್ಟೋ ಸಲ ಹುಳು ಬಿಗಿದೇ ಇರುವುದಿಲ್ಲ. ಒತ್ತಾಗಿ ತುಂಬಿದ್ದರಿಂದ ಬಾಲ ಮಡಚಿಕೊಂಡಿರುತ್ತದೆ, ಅಷ್ಟೇ. ಕುದಿಯುವ ನೀರನ್ನು ಒಲೆಯಿಂದಿಳಿಸಿ ಸ್ವಲ್ಪ ಆರಲು ಬಿಟ್ಟು, ಬಾಲವನ್ನು ಅರ್ಧ ನಿಮಿಷ ಅದ್ದಿ. ಬಾಲ ಬೆರಳಿನಲ್ಲಿ ಜೋತುಬೀಳುವಾಗ ನೆಟ್ಟಗೆ ಮಾಡಿ ತಣ್ಣೀರಿಗೆ ಹಾಕಿದರೆ ಹಾಗೆಯೇ ನಿಲ್ಲುತ್ತದೆ.

ನೀರು ಕಳೆದುಕೊಳ್ಳುವ ಹುಳುಗಳೇ ಬೇರೆ. ಬರ್ಕ್ಲಿ ಕಂಪನಿಯ ‘ಗಲ್ಪ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಪಿವಿಸಿ ಅಲ್ಲ, ನೀರನ್ನೇ ಆಧಾರವಾಗಿಟ್ಟುಕೊಂಡ ಪದಾರ್ಥ. ಉಪ್ಪುನೀರಿನಲ್ಲಿ ಮುಳುಗಿರುವ ಮಾವಿನ ಮಿಡಿಯ ಹಾಗೆ ತನ್ನ ರಸದಲ್ಲಿ ಇರುವವರೆಗೆ ಮಾತ್ರ ಅದು ಮೆದು. ಗಾಳಕ್ಕೆ ಸಿಕ್ಕಿಸಿದ ಹಾಗೆಯೇ ಒಂದು ರಾತ್ರಿ ಗೋಡೆಗೊರಗಿಸಿಟ್ಟರೆ ಬೆಳಿಗ್ಗೆ ಕೊಕ್ಕೆಗೆ ಕಚ್ಚಿಕೊಂಡು ಕುಗ್ಗಿರುತ್ತದೆ, ಚಾಕುವಿನಿಂದ ಕೆರೆಯಬೇಕು. ಬೆಚ್ಚನೆಯ ನೀರಿನಲ್ಲೋ ಅದರದೇ ರಸದಲ್ಲೋ ನೆನೆಸಿದರೆ ಉಬ್ಬುತ್ತದೆ, ಆದರೆ ಮೊದಲಿನ ಹದ ಪೂರ್ತಿ ಬರುವುದಿಲ್ಲ. ಮುಚ್ಚಳ ಬಿಗಿಯಾದ ಡಬ್ಬಿ ಇದಕ್ಕೆ ಪ್ರಾಣ.

ಟಿಪಿಇ ಎಂಬ ಮೂರನೆಯ ಜಾತಿಯದ್ದು ಜಗ್ಗಿದಷ್ಟೂ ಹಿಗ್ಗುತ್ತದೆ, ಸಾಮಾನ್ಯವಾಗಿ ನೀರಿನಲ್ಲಿ ತೇಲುತ್ತದೆ. ಇದನ್ನೂ ಪಿವಿಸಿಯನ್ನೂ ಒಂದೇ ಚೀಲದಲ್ಲಿ ಇಡಬೇಡಿ. ಎರಡೂ ಕರಗಿ ಅಂಟಿನ ಮುದ್ದೆಯಾಗುತ್ತವೆ.

ಪೆಟ್ಟಿಗೆಯ ಆಯ್ಕೆಯಲ್ಲಿ ತಪ್ಪುವವರೇ ಹೆಚ್ಚು. ಡಬ್ಬಿಯ ತಳದ ತ್ರಿಕೋನದಲ್ಲಿ 2 ಅಥವಾ 5 ಇದ್ದರೆ ಅದು ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್. ಪಿವಿಸಿ ಹುಳುವಿಗೆ ಎರಡೂ ಸರಿ. 6 ಇದ್ದರೆ ಪಾಲಿಸ್ಟೈರೀನ್. ಹುಳುವಿನ ಮೆದುಕಾರಕ ಅದನ್ನು ಕರಗಿಸುತ್ತದೆ. ನಮ್ಮ ಕರಾವಳಿಯಲ್ಲಿ ಮೀನಿಗೆಂದು ಎಲ್ಲೆಲ್ಲೂ ಸಿಗುವ ಥರ್ಮಾಕೋಲ್ ಪೆಟ್ಟಿಗೆಯೂ ಅದೇ ಪಾಲಿಸ್ಟೈರೀನ್. ಹುಳುವನ್ನು ನೇರ ಅದರ ಮೇಲಿಟ್ಟರೆ ಕೆಲವು ವಾರಗಳಲ್ಲಿ ಹುಳುವಿನ ಆಕಾರದ ಗುಳಿ ಬಿದ್ದಿರುತ್ತದೆ. ಕೊಂಡಾಗ ಬಂದ ಚೀಲವನ್ನೇ ಗಾಳಿ ಹಿಂಡಿ ಮುಚ್ಚಿ, ಬಣ್ಣಕ್ಕೊಂದು ಬೇರೆ ಮಾಡಿ, ನೆರಳಿನಲ್ಲಿಡಿ. ಕಪ್ಪು ಹುಳುವಿನ ಬಣ್ಣ ಬಿಳಿಯದಕ್ಕೆ ಇಳಿದರೆ ಮತ್ತೆ ಹೋಗುವುದಿಲ್ಲ. ಉಪ್ಪು ಬೆರೆಸಿದ ಹುಳುಗಳ ಜೊತೆ ಕೊಕ್ಕೆಗಳನ್ನು ಇಡಬೇಡಿ, ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತವೆ.

ತೀರ ಕೆಟ್ಟದ್ದನ್ನು ಹೊಳೆಗೋ ಸಮುದ್ರಕ್ಕೋ ಎಸೆಯಬೇಡಿ. ಮೀನು ಅದನ್ನು ನುಂಗುತ್ತದೆ, ಅರಗಿಸಿಕೊಳ್ಳಲಾರದು. ಒಂದು ಖಾಲಿ ಡಬ್ಬಿಯಲ್ಲಿ ಕೂಡಿಟ್ಟು, ಎರಕ ಹೊಯ್ಯುವವರು ಸಿಕ್ಕಾಗ ಕೊಟ್ಟುಬಿಡಿ. ಪಿವಿಸಿ ಒಂದು ಡಬ್ಬಿಗೆ, ಟಿಪಿಇ ಇನ್ನೊಂದಕ್ಕೆ.