ನೀಲಿ ಜೋಡಿಯಿಂದ ಕಪ್ಪು ಮರಿ ಬಂತಾ? ಜಗಳಕ್ಕೆ ಹೋಗೋ ಮುಂಚೆ ಇದನ್ನು ಓದಿ

ಫ್ಯಾನ್ಸಿ ಕೋಳಿ ಸಾಕೋಕೆ ಶುರು ಮಾಡಿದವರು ಮೊದಲು ಎಡವೋದು ನೀಲಿ ಬಣ್ಣದಲ್ಲಿ. ಹೆಚ್ಚು ದುಡ್ಡು ಕೊಟ್ಟು ನೀಲಿ ಕೊಚಿನ್ ಜೋಡಿ ತಂದು, ಹನ್ನೆರಡು ಮೊಟ್ಟೆ ಕಾವಿಗೆ ಇಡ್ತೀರಿ. ಹೊರಬಂದ ಮರಿಗಳಲ್ಲಿ ಕೆಲವು ಕಪ್ಪು, ಕೆಲವು ಬೂದು, ಒಂದೆರಡು ಬೆಳ್ಳಗೆ! ಮಾರಿದವನು ಕ್ರಾಸ್ ಕೋಳಿ ಕೊಟ್ಟು ಮೋಸ ಮಾಡಿದ ಅಂತ ಸಿಟ್ಟು ಬರುತ್ತೆ. ತಡೀರಿ, ಅವನ ತಪ್ಪು ಇರಲಿಕ್ಕಿಲ್ಲ.

ನಾವು ನೀಲಿ ಅನ್ನೋದು ಅಸಲಿಗೆ ತೆಳುವಾದ ಕಪ್ಪು. ಕಪ್ಪನ್ನು ತೆಳು ಮಾಡುವ ಒಂದು ಜೀನ್ ಇದೆ. ಅದು ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಬಂದರೆ ಮರಿ ನೀಲಿ. ಇಬ್ಬರಿಂದಲೂ ಬಂದರೆ ಬಿಳಿಚಿದ ಮೈ ಮೇಲೆ ಅಲ್ಲಲ್ಲಿ ನೀಲಿ ಚುಕ್ಕೆ. ಇದಕ್ಕೆ ಸ್ಪ್ಲ್ಯಾಶ್ ಅಂತಾರೆ. ಯಾರಿಂದಲೂ ಬರದಿದ್ದರೆ ಕಪ್ಪು. ಹಾಗಾಗಿ ನೀಲಿಗೆ ನೀಲಿ ಕೂಡಿಸಿದರೆ 100 ಮರಿಗಳಲ್ಲಿ ಸುಮಾರು 50 ನೀಲಿ, 25 ಕಪ್ಪು, 25 ಸ್ಪ್ಲ್ಯಾಶ್. ಹನ್ನೆರಡೇ ಮೊಟ್ಟೆ ಇಟ್ಟಾಗ ಈ ಲೆಕ್ಕ ಏರುಪೇರಾಗೋದು ಸಹಜ. ಆಂಡಲೂಸಿಯನ್ ಕೋಳಿಗಳಲ್ಲಿ ಇದನ್ನು ಬೇಟ್ಸನ್, ಪನ್ನೆಟ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು 20ನೇ ಶತಮಾನದ ಆರಂಭದಲ್ಲೇ ತೋರಿಸಿಕೊಟ್ಟಿದ್ದರು.

ಎಲ್ಲಾ ಮರಿಗಳೂ ನೀಲಿ ಬೇಕಾ? ಸ್ಪ್ಲ್ಯಾಶ್ ಹುಂಜಕ್ಕೆ ಅದೇ ತಳಿಯ ಅಪ್ಪಟ ಕಪ್ಪು ಹೇಂಟೆ ಬಿಡಿ. ಬಣ್ಣ ಕೆಟ್ಟಿದೆ ಅಂತ ಜನ ಕಡಿಮೆ ರೇಟಿಗೆ ಕೊಟ್ಟುಬಿಡೋ ಹುಂಜ ಇದೇ! ಆದರೆ ಬೆಳ್ಳಗಿರೋದೆಲ್ಲ ಸ್ಪ್ಲ್ಯಾಶ್ ಅಲ್ಲ. ನೀಲಿ ಚುಕ್ಕೆ ಕಾಣದಿದ್ದರೆ ನಂಬಿ ತರಬೇಡಿ.

ಮರಿ ನೀಲಿಯಾದ ಮಾತ್ರಕ್ಕೆ ಪ್ರದರ್ಶನಕ್ಕೆ ಲಾಯಕ್ಕಾಯ್ತು ಅಂತಲೂ ಅಲ್ಲ. ಆಂಡಲೂಸಿಯನ್‌ನಲ್ಲಿ ತೀರ್ಪುಗಾರರು ನೋಡೋದು ಪ್ರತಿ ಗರಿಯ ಸುತ್ತ ಇರುವ ಗಾಢ ಅಂಚನ್ನು, ಸೀರೆಗೆ ಬಾರ್ಡರ್ ಇದ್ದಂತೆ. ಅದು ಆಯ್ಕೆಯಿಂದಲೇ ಬರಬೇಕು. ತಲೆಮಾರುಗಟ್ಟಲೆ ಮಸುಕು ನೀಲಿಗಳನ್ನೇ ಕೂಡಿಸುತ್ತಾ ಹೋದರೆ ಬಣ್ಣ ತೊಳೆದಂತಾಗಿ ಅಂಚು ಅಳಿಸುತ್ತೆ. ಅದಕ್ಕೇ ಅನುಭವಿಗಳು ನಡುವೆ ಒಳ್ಳೆ ಕಪ್ಪು ಕೋಳಿಯನ್ನು ತರ್ತಾರೆ. ಅಂಚಿನ ವಿಚಾರವನ್ನು ಮರಿಯ ತುಪ್ಪಟ ನೋಡಿ ತೀರ್ಮಾನಿಸಬೇಡಿ, ದೊಡ್ಡ ಗರಿ ಪೂರ್ತಿ ಬರಲಿ. ಬಣ್ಣ ಚೆನ್ನಾಗಿದೆ ಅಂತ ಕಾಲು ಸೊಟ್ಟಗಿರೋ ಹುಂಜವನ್ನು ತಳಿಗೆ ಇಟ್ಟುಕೊಳ್ಳಲೂಬೇಡಿ.

ಹುಂಜ ಬದಲಿಸುವಾಗ ಇನ್ನೊಂದು ಎಚ್ಚರ. ಹಳೇ ಹುಂಜದ ವೀರ್ಯ ಹೇಂಟೆಯ ಹೊಟ್ಟೆಯಲ್ಲಿ ಎರಡು ವಾರಕ್ಕೂ ಹೆಚ್ಚು ಉಳಿಯಬಹುದು. ಹಳೇದನ್ನು ತೆಗೆದು ಮೂರು ವಾರ ಆದ ಮೇಲೆ ಬಂದ ಮೊಟ್ಟೆಯನ್ನೇ ಕಾವಿಗೆ ಇಡಿ. ಅಲ್ಲಿವರೆಗೆ ಬಂದದ್ದು ಅಡುಗೆಮನೆಗೆ.

ಮರಿಗಳ ಕಾಲಿಗೆ ಉಂಗುರ ಹಾಕಿ, ಯಾವ ಜೋಡಿಯದ್ದು ಅಂತ ಬರೆದಿಡಿ. ಮೊಬೈಲ್ ಫೋಟೊ ನಂಬಿ ಬಣ್ಣ ಹೋಲಿಸೋಕಾಗಲ್ಲ, ಕ್ಯಾಮೆರಾ ಬಿಸಿಲಿಗೊಂದು ನೆರಳಿಗೊಂದು ಬಣ್ಣ ತೋರಿಸುತ್ತೆ. ಉದುರಿದ ಗರಿ ಒಂದನ್ನು ನೋಟ್‌ಬುಕ್‌ಗೆ ಅಂಟಿಸಿ, ಪಕ್ಕದಲ್ಲಿ ಉಂಗುರದ ನಂಬರ್ ಬರೆಯಿರಿ. ಮುಂದಿನ ವರ್ಷ ಜೋಡಿ ಮಾಡುವಾಗ ಆ ಪುಟ ತೆಗೆದು ನೋಡಿದರಾಯ್ತು.